ಸಂಖ್ಯೆಗಳ ಪಟ್ಟಿಯಿಂದ ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ: ಪೈಥಾನ್‌ನಲ್ಲಿ ಹಂತ ಹಂತವಾಗಿ

ಸಂಖ್ಯಾಶಾಸ್ತ್ರದ ಲೆಕ್ಕಗಳನ್ನು ಕಂಪ್ಯೂಟರಿಗೆ ಒಪ್ಪಿಸುವಾಗ ಒಂದು ತೊಡಕಿದೆ. ಪ್ರೋಗ್ರಾಂನಲ್ಲಿ ತಪ್ಪಿದ್ದರೂ ಅದು ಬಹಳಷ್ಟು ಸಲ ನಿಲ್ಲದೆ ಓಡಿ, ನೋಡಲು ಸರಿಯೆನಿಸುವ ಒಂದು ಸಂಖ್ಯೆಯನ್ನು ಪರದೆಯ ಮೇಲೆ ತಂದಿಡುತ್ತದೆ. ಆ ಸಂಖ್ಯೆ ಅಲ್ಲಿಂದ ವರದಿಗೂ ಸೇರಿಬಿಡುತ್ತದೆ. ಆದ್ದರಿಂದ ಇಲ್ಲಿ ಪ್ರತಿಯೊಂದು ಲೆಕ್ಕವನ್ನೂ ಮೊದಲು ಕಾಗದದ ಮೇಲೆ ಮಾಡಿಕೊಂಡು, ಅದೇ ಉತ್ತರ ಪರದೆಯ ಮೇಲೂ ಬಂದ ಬಳಿಕವೇ ಮುಂದಿನ ಹೆಜ್ಜೆ ಇಡುವ ಕ್ರಮವನ್ನು ಅನುಸರಿಸಿದ್ದೇನೆ. ಭಾಷೆ ಪೈಥಾನ್, 3.8 ಅಥವಾ ಅದಕ್ಕಿಂತ ಹೊಸ ಆವೃತ್ತಿ ನಿಮ್ಮಲ್ಲಿದೆ ಎಂದು ಭಾವಿಸಿದ್ದೇನೆ. ಲೇಖನದುದ್ದಕ್ಕೂ ಈ ಒಂದು ಪಟ್ಟಿ ಸಾಕು:

ಅಂಕಿಗಳು = [7, 3, 9, 3, 8]

ಈ ಸಾಲು ಕನ್ನಡದಲ್ಲಿದ್ದರೂ ಪೈಥಾನ್ ಅದನ್ನು ಹಾಗೆಯೇ ಒಪ್ಪುತ್ತದೆ, ಏಕೆಂದರೆ ಪೈಥಾನ್ 3ರಿಂದ ಚರಗಳ ಹೆಸರನ್ನು ಯಾವುದೇ ಲಿಪಿಯಲ್ಲಿ ಇಡಬಹುದು. ಆದರೆ ಭಾಷೆಯ ಸ್ವಂತ ಆಜ್ಞೆಗಳನ್ನು ರೋಮನ್ ಅಕ್ಷರಗಳಲ್ಲೇ ಒತ್ತಬೇಕು. ಓದಲು ಅನುಕೂಲವಾಗಲೆಂದು ಅವನ್ನು ಇಲ್ಲಿ ಉಚ್ಚಾರದಂತೆ ಸಮ್, ಲೆನ್, ಸಾರ್ಟೆಡ್ ಎಂದು ಬರೆಯುತ್ತೇನೆ. ಕನ್ನಡದಲ್ಲಿ ಹೆಸರಿಡುವವರು ಒಂದು ವಿಷಯ ಗಮನಿಸಬೇಕು. ‘ಲಿಸ್ಟ್‌ಗಳು’ ಎಂದು ಟೈಪ್ ಮಾಡುವಾಗ ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟಿಕೊಳ್ಳದಿರಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಸೇರಿಸುತ್ತೇವೆ. ಚರದ ಹೆಸರಿನೊಳಗೆ ಆ ಅಕ್ಷರವನ್ನು ಪೈಥಾನ್ ಒಪ್ಪುವುದಿಲ್ಲ. ಎಷ್ಟು ನೋಡಿದರೂ ಸರಿಯಾಗಿಯೇ ಕಾಣುವ ಸಾಲಿನಲ್ಲಿ ಸಿಂಟ್ಯಾಕ್ಸ್ ದೋಷ ಬಂದರೆ ಮೊದಲು ಅಲ್ಲಿ ಹುಡುಕಿ.

ಮೊದಲ ಹೆಜ್ಜೆ: ಪಟ್ಟಿಯಲ್ಲಿ ಇರುವುದು ನಿಜಕ್ಕೂ ಸಂಖ್ಯೆಗಳೇ?

ಕಡತದಿಂದ ಓದಿದ್ದಾಗಲಿ, ಇನ್‌ಪುಟ್ ಆಜ್ಞೆಯ ಮೂಲಕ ಬಳಕೆದಾರರಿಂದ ಪಡೆದದ್ದಾಗಲಿ, ಪೈಥಾನ್‌ನ ಕೈಗೆ ಬರುವುದು ಪಠ್ಯವೇ ಹೊರತು ಸಂಖ್ಯೆಯಲ್ಲ. ಪಠ್ಯಗಳ ಪಟ್ಟಿಯನ್ನು ಸಮ್ ಆಜ್ಞೆಗೆ ಕೊಟ್ಟರೆ ಅದು ಟೈಪ್ ಎರರ್ ಎಂದು ಕೂಡಲೇ ತಿರಸ್ಕರಿಸುತ್ತದೆ, ಅದು ನಮ್ಮ ಪುಣ್ಯ. ಮ್ಯಾಕ್ಸ್ ಆಜ್ಞೆ ಹಾಗೆ ಮಾಡುವುದಿಲ್ಲ. "9" ಮತ್ತು "85" ಎಂಬ ಎರಡು ಪಠ್ಯಗಳಲ್ಲಿ ದೊಡ್ಡದು ಯಾವುದೆಂದು ಕೇಳಿದರೆ ಅದು "9" ಎನ್ನುತ್ತದೆ, ಏಕೆಂದರೆ ನಿಘಂಟಿನಲ್ಲಿ ಪದಗಳನ್ನು ಜೋಡಿಸುವಂತೆ ಮೊದಲ ಅಕ್ಷರವನ್ನೇ ಮೊದಲು ಹೋಲಿಸುತ್ತದೆ. ವಿಂಗಡಣೆಯಲ್ಲೂ ಇದೇ ಕಥೆ: "100" ಎಂಬುದು "25"ಕ್ಕಿಂತ ಮೊದಲು ಬಂದು ಕೂರುತ್ತದೆ. ಹಾಗಾಗಿ ಓದಿದ ಪ್ರತಿಯೊಂದು ತುಣುಕನ್ನೂ ಇಂಟ್ ಅಥವಾ ಫ್ಲೋಟ್ ಆಜ್ಞೆಯಿಂದ ಸಂಖ್ಯೆಯಾಗಿ ಬದಲಾಯಿಸಿಯೇ ಪಟ್ಟಿಗೆ ಸೇರಿಸಬೇಕು. ಕನ್ನಡ ಅಂಕಿಗಳಿರುವ "೮೫" ಎಂಬ ಪಠ್ಯವನ್ನು ಕೊಟ್ಟರೂ ಇಂಟ್ ಅದನ್ನು 85 ಎಂದೇ ಓದಿಕೊಳ್ಳುತ್ತದೆ. ಪ್ರೋಗ್ರಾಂನ ಸಾಲಿನೊಳಗೆ ನೇರವಾಗಿ ೮೫ ಎಂದು ಬರೆದರೆ ಮಾತ್ರ ನಡೆಯದು.

ಅಲ್ಪವಿರಾಮ ಇನ್ನೂ ಅಪಾಯಕಾರಿ. "25,000" ಎಂಬ ಪಠ್ಯವನ್ನು ಇಂಟ್‌ಗೆ ಕೊಟ್ಟರೆ ದೋಷ ಬರುತ್ತದೆ, ಅಲ್ಪವಿರಾಮವನ್ನು ರಿಪ್ಲೇಸ್ ಆಜ್ಞೆಯಿಂದ ತೆಗೆದುಹಾಕಿದರೆ ಸರಿಹೋಗುತ್ತದೆ. ಆದರೆ ಅದೇ ಸಂಖ್ಯೆಯನ್ನು ಪಟ್ಟಿಯ ಆವರಣದೊಳಗೆ ನೀವೇ 25,000 ಎಂದು ಟೈಪ್ ಮಾಡಿದರೆ ಯಾವ ದೋಷವೂ ಬರುವುದಿಲ್ಲ. ಪೈಥಾನ್ ಅದನ್ನು 25 ಮತ್ತು 0 ಎಂಬ ಎರಡು ಸಂಖ್ಯೆಗಳೆಂದು ತಿಳಿದು ಮುಂದೆ ಸಾಗುತ್ತದೆ. ಪಟ್ಟಿಯಲ್ಲಿ ಎಷ್ಟು ಸಂಖ್ಯೆಗಳಿರಬೇಕೆಂದು ನಿಮಗೆ ಗೊತ್ತಿರುತ್ತದಲ್ಲ, ಲೆನ್ ಆಜ್ಞೆ ಅಷ್ಟನ್ನೇ ಹೇಳುತ್ತದೆಯೇ ಎಂದು ನೋಡಿದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಎರಡನೆಯ ಹೆಜ್ಜೆ: ಸರಾಸರಿ

ಕಾಗದದ ಮೇಲೆ: 7, 3, 9, 3, 8 ಕೂಡಿದರೆ 30, ಸಂಖ್ಯೆಗಳು 5, ಸರಾಸರಿ 6. ಪೈಥಾನ್‌ನಲ್ಲಿ ಸಮ್(ಅಂಕಿಗಳು) / ಲೆನ್(ಅಂಕಿಗಳು) ಎಂದು ಬರೆದರೆ 6.0 ಬರುತ್ತದೆ. ಒಂದು ಓರೆಗೆರೆ ಯಾವಾಗಲೂ ದಶಮಾಂಶದ ಉತ್ತರ ಕೊಡುತ್ತದೆ, ಎರಡು ಓರೆಗೆರೆ ಹಾಕಿದರೆ ಶೇಷವನ್ನು ಬಿಟ್ಟು ಪೂರ್ಣಾಂಕವನ್ನಷ್ಟೇ ಕೊಡುತ್ತದೆ. ಸರಾಸರಿಗೆ ಒಂದೇ ಓರೆಗೆರೆ.

ಪಟ್ಟಿ ಖಾಲಿಯಾಗಿದ್ದರೆ ಏನಾಗುತ್ತದೆ ಎಂಬುದನ್ನು ಈಗಲೇ ತೀರ್ಮಾನಿಸಿಕೊಳ್ಳಿ. ಖಾಲಿ ಪಟ್ಟಿಯ ಮೊತ್ತ 0, ಅದರ ಉದ್ದವೂ 0, ಸೊನ್ನೆಯಿಂದ ಭಾಗಿಸಲು ಹೊರಟ ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ. ಇದನ್ನು ತಪ್ಪಿಸಲು ಕೆಲವರು ಖಾಲಿ ಪಟ್ಟಿಗೆ ಸರಾಸರಿ 0 ಎಂದು ಉತ್ತರಿಸುವಂತೆ ಬರೆಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಮಾಹಿತಿ ಇಲ್ಲ ಎಂಬುದಕ್ಕೂ ಮಾಹಿತಿಯ ಸರಾಸರಿ ಸೊನ್ನೆ ಎಂಬುದಕ್ಕೂ ಬಹಳ ಅಂತರವಿದೆ. ದೋಷ ಬರುವುದೇ ಇಲ್ಲಿ ಸರಿಯಾದ ನಡವಳಿಕೆ.

ಕೈಯಿಂದ ಒಮ್ಮೆ ಬರೆದು ತಿಳಿದ ಮೇಲೆ ಪೈಥಾನ್‌ನೊಂದಿಗೇ ಬರುವ ಸ್ಟಾಟಿಸ್ಟಿಕ್ಸ್ ಮಾಡ್ಯೂಲನ್ನು ಬಳಸಬಹುದು. ಇದು 2014ರಲ್ಲಿ 3.4ನೇ ಆವೃತ್ತಿಯೊಂದಿಗೆ ಸೇರಿದ್ದು, ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಇದರಲ್ಲಿ ಸರಾಸರಿಗೆ ಎರಡು ಆಜ್ಞೆಗಳಿವೆ. ಮೀನ್ ಎಂಬುದು ಒಳಗೊಳಗೆ ನಿಖರ ಭಿನ್ನರಾಶಿಗಳಲ್ಲಿ ಲೆಕ್ಕ ಹಾಕುವುದರಿಂದ ನಿಧಾನ, ನಮ್ಮ ಪಟ್ಟಿಗೆ ಅದು 6 ಎಂಬ ಪೂರ್ಣಾಂಕವನ್ನೇ ಕೊಡುತ್ತದೆ, 3.8ರಲ್ಲಿ ಬಂದ ಎಫ್‌ಮೀನ್ ಎಲ್ಲವನ್ನೂ ದಶಮಾಂಶಕ್ಕೆ ತಿರುಗಿಸಿ ಬೇಗನೆ 6.0 ಎನ್ನುತ್ತದೆ. ಇದನ್ನು ಕಲಿಯುತ್ತಿದ್ದ ದಿನಗಳಲ್ಲಿ ನಾನು ನನ್ನ ಅಭ್ಯಾಸದ ಕಡತಕ್ಕೂ ಸ್ಟಾಟಿಸ್ಟಿಕ್ಸ್ ಎಂದೇ ಹೆಸರಿಟ್ಟು ಉಳಿಸಿದ್ದೆ. ಇಂಪೋರ್ಟ್ ಮಾಡಿದಾಗಲೆಲ್ಲ ಪೈಥಾನ್ ತನ್ನ ಮಾಡ್ಯೂಲಿನ ಬದಲು ನನ್ನ ಕಡತವನ್ನೇ ಎತ್ತಿಕೊಂಡು, ಇದರಲ್ಲಿ ಮೀನ್ ಎಂಬುದೇ ಇಲ್ಲವೆಂದು ಹೇಳುತ್ತಿತ್ತು. ಕಾರಣ ಹೊಳೆಯುವಷ್ಟರಲ್ಲಿ ಒಂದು ಸಂಜೆಯೇ ಕಳೆದಿತ್ತು. ಮೊತ್ತವನ್ನು ಇಡುವ ಚರಕ್ಕೆ ಸಮ್ ಎಂದೇ ಹೆಸರಿಡುವುದೂ ಇದೇ ಜಾತಿಯ ತಪ್ಪು, ಆ ಸಾಲಿನಿಂದಾಚೆಗೆ ಸಮ್ ಆಜ್ಞೆ ಕೈಗೆ ಸಿಗುವುದಿಲ್ಲ.

ಮೂರನೆಯ ಹೆಜ್ಜೆ: ಮಧ್ಯಾಂಕ

ಪಟ್ಟಿಯನ್ನು ಏರಿಕೆ ಕ್ರಮದಲ್ಲಿ ಜೋಡಿಸಿದರೆ 3, 3, 7, 8, 9 ಆಗುತ್ತದೆ, ನಟ್ಟನಡುವಿನ 7 ಮಧ್ಯಾಂಕ. ಜೋಡಿಸಲು ಪೈಥಾನ್‌ನಲ್ಲಿ ಎರಡು ದಾರಿಗಳಿವೆ. ಸಾರ್ಟೆಡ್ ಆಜ್ಞೆ ಮೂಲ ಪಟ್ಟಿಯನ್ನು ಮುಟ್ಟದೆ ಹೊಸ ಪಟ್ಟಿಯನ್ನು ಕೊಡುತ್ತದೆ. ಪಟ್ಟಿಯ ಹೆಸರಿನ ಮುಂದೆ ಚುಕ್ಕೆ ಇಟ್ಟು ಬರೆಯುವ ಸಾರ್ಟ್ ಮೂಲ ಪಟ್ಟಿಯನ್ನೇ ಕಲಕಿ ಏನನ್ನೂ ಹಿಂದಿರುಗಿಸುವುದಿಲ್ಲ. ಅಳತೆಗಳನ್ನು ತೆಗೆದುಕೊಂಡ ಕ್ರಮವೂ ಮುಂದೆ ಬೇಕಾಗಬಹುದಾದ್ದರಿಂದ ಸಾರ್ಟೆಡ್ ಬಳಸುವುದು ಒಳ್ಳೆಯದು.

ನಡುವಿನ ಸ್ಥಾನ ಹುಡುಕಲು ಉದ್ದವನ್ನು ಎರಡು ಓರೆಗೆರೆಯಿಂದ 2ರಿಂದ ಭಾಗಿಸಿ. 5ನ್ನು ಭಾಗಿಸಿದರೆ 2; ಪೈಥಾನ್ ಸೊನ್ನೆಯಿಂದ ಎಣಿಸುವುದರಿಂದ 2ನೇ ಸ್ಥಾನವೆಂದರೆ ನಮ್ಮ ಎಣಿಕೆಯ ಮೂರನೆಯದು, ಅಂದರೆ 7. ಸಂಖ್ಯೆಗಳು ಸಮವಾಗಿದ್ದರೆ ನಡುವೆ ಇಬ್ಬರು ನಿಲ್ಲುತ್ತಾರೆ. ನಮ್ಮ ಪಟ್ಟಿಗೆ 4 ಸೇರಿಸಿದರೆ 3, 3, 4, 7, 8, 9 ಆಗುತ್ತದೆ. ಸ್ಥಾನಗಳು 2 ಮತ್ತು 3, ಅಲ್ಲಿರುವವು 4 ಮತ್ತು 7, ಅವೆರಡರ ಸರಾಸರಿ 5.5. ಸಮ ಮತ್ತು ಬೆಸ ಎರಡೂ ಸಂದರ್ಭಗಳನ್ನು ಪರೀಕ್ಷಿಸದೆ ಸ್ವಂತ ಮಧ್ಯಾಂಕದ ಪ್ರೋಗ್ರಾಂ ಸರಿಯಿದೆ ಎಂದು ನಂಬಬೇಡಿ, ಬಹುತೇಕ ತಪ್ಪುಗಳು ಸಮ ಸಂಖ್ಯೆಯ ಪಟ್ಟಿಯಲ್ಲೇ ಅಡಗಿರುತ್ತವೆ. ಮಾಡ್ಯೂಲಿನ ಮೀಡಿಯನ್ ಆಜ್ಞೆ ಎರಡನ್ನೂ ನೋಡಿಕೊಳ್ಳುತ್ತದೆ. ಉತ್ತರ ಪಟ್ಟಿಯಲ್ಲಿ ಇರುವ ಸಂಖ್ಯೆಯೇ ಆಗಿರಬೇಕೆಂದಿದ್ದರೆ ಮೀಡಿಯನ್ ಲೋ 4ನ್ನೂ ಮೀಡಿಯನ್ ಹೈ 7ನ್ನೂ ಕೊಡುತ್ತವೆ.

ಮೂಲ ಪಟ್ಟಿಯ 9ನ್ನು ಟೈಪ್ ಮಾಡುವಾಗ ಕೈತಪ್ಪಿ 90 ಆಯಿತೆಂದುಕೊಳ್ಳಿ. ಮೊತ್ತ 111 ಆಗಿ ಸರಾಸರಿ 6ರಿಂದ 22.2ಕ್ಕೆ ಜಿಗಿಯುತ್ತದೆ, ಐದರಲ್ಲಿ ನಾಲ್ಕು ಸಂಖ್ಯೆಗಳು ಅದರ ಅರ್ಧಕ್ಕೂ ಬರುವುದಿಲ್ಲ. ಮಧ್ಯಾಂಕ ಇದ್ದಲ್ಲೇ 7. ಸರಾಸರಿ ಮತ್ತು ಮಧ್ಯಾಂಕಗಳ ನಡುವೆ ಇಷ್ಟು ಅಂತರ ಕಂಡಾಗ ಪಟ್ಟಿಯನ್ನು ಜೋಡಿಸಿ ಎರಡೂ ತುದಿಗಳನ್ನು ಕಣ್ಣಾರೆ ನೋಡಿ.

ಬಹುಲಕ, ಅಂದರೆ ಅತಿ ಹೆಚ್ಚು ಸಲ ಬಂದ ಸಂಖ್ಯೆ, ಹೆಚ್ಚು ಮಾತು ಬೇಡುವುದಿಲ್ಲ. ನಮ್ಮ ಪಟ್ಟಿಯಲ್ಲಿ 3 ಎರಡು ಸಲ ಬಂದಿದೆ, ಮೋಡ್ ಆಜ್ಞೆ 3 ಎನ್ನುತ್ತದೆ. ಯಾವುದೂ ಮರುಕಳಿಸದ 7, 3, 9 ಎಂಬ ಪಟ್ಟಿಯನ್ನು ಕೊಟ್ಟರೆ 3.8ಕ್ಕಿಂತ ಹಿಂದಿನ ಆವೃತ್ತಿಗಳು ದೋಷ ತೋರಿಸುತ್ತಿದ್ದವು. ಈಗಿನವು ಮೊದಲು ಕಂಡ 7ನ್ನೇ ಉತ್ತರವೆಂದು ಕೊಡುತ್ತವೆ, ಅದಕ್ಕೆ ಅರ್ಥವಿಲ್ಲ. ಅದರ ಬದಲು ಮಲ್ಟಿಮೋಡ್ ಬಳಸಿದರೆ ಸಮಬಲದ ಎಲ್ಲ ಸಂಖ್ಯೆಗಳೂ ಪಟ್ಟಿಯಾಗಿ ಬರುತ್ತವೆ, ಬಹುಲಕ ಇಲ್ಲವೆಂಬುದು ನೋಡಿದ ಕೂಡಲೇ ತಿಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಹರಡಿಕೆಯನ್ನು ಅಳೆಯುವುದು

ಮ್ಯಾಕ್ಸ್‌ನಿಂದ ಮಿನ್ ಕಳೆದರೆ ವ್ಯಾಪ್ತಿ, ಇಲ್ಲಿ 9ರಿಂದ 3 ಕಳೆದು 6. ಆದರೆ ಅದು ಎರಡು ತುದಿಗಳನ್ನಷ್ಟೇ ನೋಡುತ್ತದೆ. ಎಲ್ಲ ಸಂಖ್ಯೆಗಳನ್ನೂ ಲೆಕ್ಕಕ್ಕೆ ತರಬೇಕಾದರೆ ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರವಿದೆ ಎಂದು ಕೇಳಬೇಕು. ಸರಾಸರಿ 6 ಆದ್ದರಿಂದ ನಮ್ಮ ವಿಚಲನೆಗಳು ಕ್ರಮವಾಗಿ 1, −3, 3, −3, 2. ಇವುಗಳನ್ನು ಹಾಗೆಯೇ ಕೂಡಿದರೆ ಸೊನ್ನೆ. ಯಾವ ಪಟ್ಟಿಯಾದರೂ ಅಷ್ಟೇ. ಆದ್ದರಿಂದ ವರ್ಗ ಮಾಡುತ್ತೇವೆ: 1, 9, 9, 9, 4, ಒಟ್ಟು 32.

ಈ 32ನ್ನು 5ರಿಂದ ಭಾಗಿಸಬೇಕೋ 4ರಿಂದ ಭಾಗಿಸಬೇಕೋ ಎಂಬಲ್ಲಿ ಬಹಳ ಜನ ಎಡವುತ್ತಾರೆ. ನಿಮ್ಮ ಕೈಯಲ್ಲಿರುವ ಐದು ಸಂಖ್ಯೆಗಳೇ ಸಮಸ್ತ ಮಾಹಿತಿಯಾಗಿದ್ದರೆ 5ರಿಂದ ಭಾಗಿಸಿ, ವೇರಿಯನ್ಸ್ 6.4, ಅದರ ವರ್ಗಮೂಲವಾದ ಮಾನಕ ವಿಚಲನೆ ಸುಮಾರು 2.53. ಅವು ದೊಡ್ಡ ಸಮೂಹವೊಂದರಿಂದ ಆಯ್ದ ಮಾದರಿಯಾಗಿದ್ದು, ಆ ಸಮೂಹದ ಹರಡಿಕೆಯನ್ನು ಅಂದಾಜು ಮಾಡುವುದು ನಿಮ್ಮ ಉದ್ದೇಶವಾಗಿದ್ದರೆ 4ರಿಂದ ಭಾಗಿಸಿ. ವೇರಿಯನ್ಸ್ 8, ಮಾನಕ ವಿಚಲನೆ ಸುಮಾರು 2.83. ಒಂದನ್ನು ಕಳೆಯುವುದೇಕೆ ಎಂಬುದಕ್ಕೆ ಉತ್ತರ ಮೇಲಿನ ಸಾಲಿನಲ್ಲೇ ಇದೆ. ವಿಚಲನೆಗಳ ಮೊತ್ತ ಸೊನ್ನೆಯಾಗಲೇಬೇಕಾದ್ದರಿಂದ ಮೊದಲ ನಾಲ್ಕು, ಅಂದರೆ 1, −3, 3, −3 ಗೊತ್ತಾದ ಮೇಲೆ ಐದನೆಯದು 2 ಆಗದೆ ಬೇರೆ ದಾರಿಯೇ ಇಲ್ಲ; ಸ್ವತಂತ್ರವಾಗಿ ಬದಲಾಗಬಲ್ಲವು ನಾಲ್ಕೇ. ಸರಾಸರಿಯನ್ನೂ ಅದೇ ಮಾದರಿಯಿಂದಲೇ ತೆಗೆದುಕೊಂಡಿರುವುದರಿಂದ ವಿಚಲನೆಗಳು ಇರಬೇಕಾದುದಕ್ಕಿಂತ ತುಸು ಚಿಕ್ಕದಾಗಿ ಕಾಣುತ್ತವೆ, ಚಿಕ್ಕ ಭಾಜಕ ಅದನ್ನು ಸರಿದೂಗಿಸುತ್ತದೆ. ಇದಕ್ಕೆ ಬೆಸೆಲ್ ತಿದ್ದುಪಡಿ ಎಂದು ಹೆಸರು.

ಸ್ಟಾಟಿಸ್ಟಿಕ್ಸ್ ಮಾಡ್ಯೂಲಿನಲ್ಲಿ ಈ ಭೇದ ಹೆಸರಲ್ಲೇ ಇದೆ: ಪಿ ಅಕ್ಷರದಿಂದ ಆರಂಭವಾಗುವ ಪಿವೇರಿಯನ್ಸ್, ಪಿಎಸ್‌ಟಿಡೆವ್ ಇಡೀ ಸಮೂಹಕ್ಕೆ, ವೇರಿಯನ್ಸ್, ಎಸ್‌ಟಿಡೆವ್ ಮಾದರಿಗೆ. ಬೇರೆ ಲೈಬ್ರರಿಗಳಲ್ಲಿ ಇಷ್ಟು ಸ್ಪಷ್ಟತೆ ಇಲ್ಲ. ನಮ್ಮ ಇದೇ ಪಟ್ಟಿಯ ಮಾನಕ ವಿಚಲನೆಯನ್ನು ನಂಪೈ ಲೈಬ್ರರಿಯ ಎಸ್‌ಟಿಡಿ ಆಜ್ಞೆಗೆ ಕೇಳಿದರೆ 2.53 ಬರುತ್ತದೆ, ಪಾಂಡಾಸ್ ಲೈಬ್ರರಿಯ ಅದೇ ಹೆಸರಿನ ಆಜ್ಞೆಗೆ ಕೇಳಿದರೆ 2.83 ಬರುತ್ತದೆ. ಎರಡೂ ತಪ್ಪಲ್ಲ, ಹೇಳದಿದ್ದಾಗ ಮೊದಲನೆಯದು ಪೂರ್ಣ ಸಂಖ್ಯೆಯಿಂದಲೂ ಎರಡನೆಯದು ಒಂದು ಕಡಿಮೆ ಮಾಡಿಯೂ ಭಾಗಿಸುತ್ತದೆ. ಎರಡರಲ್ಲೂ ಡಿಡಿಒಎಫ್ ಎಂಬ ನಿಯತಾಂಕವಿದೆ, ಅದನ್ನು 0 ಅಥವಾ 1 ಎಂದು ನೀವೇ ಬರೆದುಬಿಟ್ಟರೆ ಮುಂದೆ ಓದುವವರಿಗೂ ನಿಮಗೂ ಗೊಂದಲವಿರುವುದಿಲ್ಲ.

ಅಡ್ಡದಾರಿಯೊಂದರ ಬಗ್ಗೆ

ಹಲವು ಪಠ್ಯಗಳಲ್ಲಿ ವೇರಿಯನ್ಸ್‌ಗೆ ಇನ್ನೊಂದು ಸೂತ್ರ ಕಾಣುತ್ತದೆ: ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗವನ್ನು ಕಳೆಯುವುದು. ನಮ್ಮ ಪಟ್ಟಿಯಲ್ಲಿ ವರ್ಗಗಳ ಮೊತ್ತ 212, ಸರಾಸರಿ 42.4, ಅದರಿಂದ 36 ಕಳೆದರೆ ಅದೇ 6.4. ಕಾಗದದ ಮೇಲೆ ಇದು ಅಚ್ಚುಕಟ್ಟು, ಪಟ್ಟಿಯನ್ನು ಒಂದೇ ಸಲ ಓದಿದರೆ ಸಾಕು. ಕಂಪ್ಯೂಟರಿನಲ್ಲಿ ಇದನ್ನು ಬಳಸಬೇಡಿ. ಪ್ರತಿಯೊಂದು ಸಂಖ್ಯೆಗೂ 100 ಕೋಟಿ ಕೂಡಿಸಿದ ಪಟ್ಟಿಯನ್ನು ತೆಗೆದುಕೊಳ್ಳೋಣ. ಎಲ್ಲವೂ ಒಂದೇ ಸಮನೆ ಸರಿದಿವೆ, ಹರಡಿಕೆ ಬದಲಾಗಿಲ್ಲ, ಉತ್ತರ 6.4 ಆಗಿಯೇ ಇರಬೇಕು. ಆದರೆ ವರ್ಗಗಳು ಈಗ 1ರ ಮುಂದೆ 18 ಸೊನ್ನೆಗಳಷ್ಟು ದೊಡ್ಡವು. ಫ್ಲೋಟ್ ಬಗೆಯ ಸಂಖ್ಯೆಗೆ 64 ಬಿಟ್‌ಗಳಷ್ಟೇ ಜಾಗವಿರುವುದರಿಂದ ಆ ಎತ್ತರದಲ್ಲಿ ಅದು ಹೇಳಬಲ್ಲ ಒಂದು ಸಂಖ್ಯೆಗೂ ಮುಂದಿನದಕ್ಕೂ 128ರ ಅಂತರವಿದೆ. ಅಂಥ ಎರಡನ್ನು ಕಳೆದರೆ ಬರುವುದು 0, 128, −128 ಮುಂತಾದ 128ರ ಗುಣಕಗಳೇ ಹೊರತು 6.4 ಬರಲು ಸಾಧ್ಯವೇ ಇಲ್ಲ. ಋಣ ಸಂಖ್ಯೆ ಬಂದು ಅದರ ವರ್ಗಮೂಲ ತೆಗೆಯಲು ಹೋದರೆ ಪ್ರೋಗ್ರಾಂ ನಿಲ್ಲುತ್ತದೆ. 0 ಬಂದರೆ ಎಲ್ಲ ಸಂಖ್ಯೆಗಳೂ ಒಂದೇ ಎಂದು ನೀವು ನಂಬಿಬಿಡುತ್ತೀರಿ.

ಮೊದಲು ಸರಾಸರಿ, ಆಮೇಲೆ ವಿಚಲನೆಗಳ ವರ್ಗ ಎಂಬ ಎರಡು ಸುತ್ತಿನ ಕ್ರಮದಲ್ಲಿ ಈ ತೊಂದರೆ ಇಲ್ಲ. ಸಂಖ್ಯೆಗಳು ಒಂದೊಂದಾಗಿ ಬರುತ್ತಿದ್ದು ಎಲ್ಲವನ್ನೂ ಕೂಡಿಟ್ಟುಕೊಳ್ಳಲು ಆಗದಿದ್ದರೆ 1962ರಲ್ಲಿ ವೆಲ್ಫರ್ಡ್ ಪ್ರಕಟಿಸಿದ ವಿಧಾನವಿದೆ. ಅದರಲ್ಲಿ ಮೂರೇ ಸಂಗತಿಗಳನ್ನು ನೆನಪಿಟ್ಟುಕೊಳ್ಳುತ್ತೇವೆ: ಈವರೆಗಿನ ಎಣಿಕೆ, ಈವರೆಗಿನ ಸರಾಸರಿ, ವಿಚಲನೆಗಳ ವರ್ಗಗಳ ಮೊತ್ತ. ಹೊಸ ಸಂಖ್ಯೆ ಬಂದಾಗ ಅದಕ್ಕೂ ಹಳೆಯ ಸರಾಸರಿಗೂ ಇರುವ ವ್ಯತ್ಯಾಸವನ್ನು ಎಣಿಕೆಯಿಂದ ಭಾಗಿಸಿ ಸರಾಸರಿಗೆ ಕೂಡಿಸುತ್ತೇವೆ. ಬಳಿಕ ಹಳೆಯ ಸರಾಸರಿಯಿಂದ ಇರುವ ವ್ಯತ್ಯಾಸವನ್ನು ಹೊಸ ಸರಾಸರಿಯಿಂದ ಇರುವ ವ್ಯತ್ಯಾಸದಿಂದ ಗುಣಿಸಿ ಮೊತ್ತಕ್ಕೆ ಸೇರಿಸುತ್ತೇವೆ. ನಮ್ಮ ಪಟ್ಟಿಯನ್ನೇ ಹಾಯಿಸಿ ನೋಡಿ. 7 ಬಂದಾಗ ಸರಾಸರಿ 7, ಮೊತ್ತ 0. 3 ಬಂದಾಗ ವ್ಯತ್ಯಾಸ −4, ಹೊಸ ಸರಾಸರಿ 5, ಅದರಿಂದ ವ್ಯತ್ಯಾಸ −2, ಗುಣಲಬ್ಧ 8, ಮೊತ್ತ 8. 9 ಬಂದಾಗ ಮೊತ್ತ 18.67, ಮತ್ತೆ 3 ಬಂದಾಗ 27, ಕೊನೆಗೆ 8 ಬಂದಾಗ ಸರಾಸರಿ 6 ಮತ್ತು ಮೊತ್ತ ಸರಿಯಾಗಿ 32.

ಐದನೆಯ ಹೆಜ್ಜೆ: ಚತುರ್ಥಕಗಳು

ಜೋಡಿಸಿದ ಪಟ್ಟಿಯನ್ನು ನಾಲ್ಕು ಭಾಗ ಮಾಡುವ ಮೂರು ಬಿಂದುಗಳೇ ಚತುರ್ಥಕಗಳು. ವ್ಯಾಖ್ಯೆ ಸುಲಭ, ಆದರೆ ಐದು ಸಂಖ್ಯೆಗಳನ್ನು ನಾಲ್ಕು ಸಮಭಾಗ ಮಾಡುವುದು ಹೇಗೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದೇ ಉತ್ತರವಿಲ್ಲ. 1996ರಲ್ಲಿ ಹೈಂಡ್‌ಮನ್ ಮತ್ತು ಫ್ಯಾನ್ ಬರೆದ ಲೇಖನವೊಂದು ಬಳಕೆಯಲ್ಲಿರುವ ಒಂಬತ್ತು ವಿಧಾನಗಳನ್ನು ಪಟ್ಟಿ ಮಾಡಿತು. ಮಾಡ್ಯೂಲಿನ ಕ್ವಾಂಟೈಲ್ಸ್ ಆಜ್ಞೆ ಏನನ್ನೂ ಸೂಚಿಸದಿದ್ದರೆ ಎಕ್ಸ್‌ಕ್ಲೂಸಿವ್ ವಿಧಾನದಲ್ಲಿ ನಮ್ಮ ಪಟ್ಟಿಗೆ 3, 7, 8.5 ಕೊಡುತ್ತದೆ, ಇನ್‌ಕ್ಲೂಸಿವ್ ಎಂದು ಸೂಚಿಸಿದರೆ 3, 7, 8. ನಂಪೈ ಕೂಡ ತಾನಾಗಿ 8 ಎಂದೇ ಹೇಳುತ್ತದೆ. ಪಟ್ಟಿ ದೊಡ್ಡದಾದಂತೆ ಈ ಅಂತರ ಸಾಮಾನ್ಯವಾಗಿ ಕರಗುತ್ತದೆ, ಆದರೂ ಇನ್ನೊಬ್ಬರ ಉತ್ತರದೊಂದಿಗೆ ಹೋಲಿಸುವ ಮೊದಲು ಇಬ್ಬರೂ ಬಳಸಿದ ವಿಧಾನ ಒಂದೇ ಎಂದು ಖಚಿತಪಡಿಸಿಕೊಳ್ಳಿ.

ಆರನೆಯ ಹೆಜ್ಜೆ: ಇಲ್ಲದ ಸಂಖ್ಯೆಗಳು

ನಿಜವಾದ ಮಾಹಿತಿಯಲ್ಲಿ ಕೆಲವು ಜಾಗಗಳು ಖಾಲಿ ಇರುತ್ತವೆ. ಹಳೆಯ ಕಡತಗಳಲ್ಲಿ ಖಾಲಿ ಜಾಗಕ್ಕೆ −1 ಅಥವಾ 999 ತುಂಬಿರುವುದುಂಟು. ಅವು ಸಂಖ್ಯೆಗಳೇ ಆದ್ದರಿಂದ ಯಾವ ಆಜ್ಞೆಯೂ ಅವನ್ನು ತಡೆಯುವುದಿಲ್ಲ, ಕಡತ ತಯಾರಿಸಿದವರನ್ನು ಕೇಳಿ ತಿಳಿದೇ ತೆಗೆಯಬೇಕು. ಪೈಥಾನ್‌ನ ನನ್ ಎಂಬ, ‘ಏನೂ ಇಲ್ಲ’ ಎಂದು ಸೂಚಿಸುವ ಮೌಲ್ಯವಿದ್ದರೆ ಸಮ್ ದೋಷ ತೋರಿಸುವುದರಿಂದ ಭಯವಿಲ್ಲ. ನಾಟ್ ಎ ನಂಬರ್ ಎಂಬ ವಿಶೇಷ ದಶಮಾಂಶ ಮೌಲ್ಯವೇ ನಿಜವಾದ ಕಾಟ. ಅದು ತನಗೆ ತಾನೇ ಸಮವಲ್ಲ, ಯಾವುದಕ್ಕಿಂತಲೂ ದೊಡ್ಡದಲ್ಲ, ಚಿಕ್ಕದೂ ಅಲ್ಲ. ಅದು ಮೊದಲಿದ್ದು 3 ನಂತರ ಇದ್ದರೆ ಮ್ಯಾಕ್ಸ್ ಅದನ್ನೇ ಕೊಡುತ್ತದೆ. 3 ಮೊದಲಿದ್ದರೆ 3 ಕೊಡುತ್ತದೆ. ವಿಂಗಡಣೆಯೂ ಹೀಗೆಯೇ ದಿಕ್ಕು ತಪ್ಪುವುದರಿಂದ ಮಧ್ಯಾಂಕ ಸಂಖ್ಯೆಗಳು ನಿಂತ ಕ್ರಮದ ಮೇಲೆ ಅವಲಂಬಿಸಿಬಿಡುತ್ತದೆ. ಮ್ಯಾತ್ ಮಾಡ್ಯೂಲಿನ ಈಸ್‌ನ್ಯಾನ್ ಆಜ್ಞೆಯಿಂದ ಇವುಗಳನ್ನು ಮೊದಲೇ ಸೋಸಿ, ಎಷ್ಟನ್ನು ಸೋಸಿದಿರಿ ಎಂಬುದನ್ನು ಉತ್ತರದ ಪಕ್ಕದಲ್ಲೇ ಮುದ್ರಿಸಿ.

ಕೊನೆಯ ಹೆಜ್ಜೆ: ಪರೀಕ್ಷೆ ಮತ್ತು ಮುದ್ರಣ

ಕಾಗದದ ಮೇಲೆ ಪಡೆದ 6, 7, 3, 6.4, 8 ಎಂಬ ಉತ್ತರಗಳನ್ನು ಅಸರ್ಟ್ ಸಾಲುಗಳಾಗಿ, ಅಂದರೆ ಹೇಳಿದ ಮಾತು ಸುಳ್ಳಾದರೆ ದೋಷ ತೋರಿಸಿ ನಿಲ್ಲುವ ಸಾಲುಗಳಾಗಿ, ಪ್ರೋಗ್ರಾಂನಲ್ಲೇ ಬರೆದಿಡಿ. ದಶಮಾಂಶಗಳನ್ನು ಸಮಚಿಹ್ನೆಯಿಂದ ಹೋಲಿಸದೆ ಮ್ಯಾತ್ ಮಾಡ್ಯೂಲಿನ ಈಸ್‌ಕ್ಲೋಸ್ ಬಳಸಿ, ಏಕೆಂದರೆ 0.1 ಮತ್ತು 0.2 ಕೂಡಿದರೂ ಪೈಥಾನ್ ಕೊಡುವುದು 0.30000000000000004. ಹತ್ತು ಸಲ 0.1 ಕೂಡಿಸಲು ಸಮ್ ಆಜ್ಞೆಗೆ ಹೇಳಿದರೆ 3.11ರವರೆಗಿನ ಆವೃತ್ತಿಗಳು 0.9999999999999999 ಎನ್ನುತ್ತವೆ, 3.12ರಿಂದ ಸಮ್ ಕೂಡುವ ಕ್ರಮವನ್ನೇ ಸುಧಾರಿಸಿರುವುದರಿಂದ 1.0 ಬರುತ್ತದೆ; ಎರಡರಲ್ಲೂ ಸರಿಯಾದ ಉತ್ತರ ಬೇಕಿದ್ದರೆ ಮ್ಯಾತ್ ಮಾಡ್ಯೂಲಿನ ಎಫ್‌ಸಮ್ ಇದೆ.

ಇನ್ನೆರಡು ಪರೀಕ್ಷೆಗಳಿಗೆ ಉತ್ತರ ಮೊದಲೇ ಗೊತ್ತಿರಬೇಕೆಂದಿಲ್ಲ. ಪಟ್ಟಿಯ ಎಲ್ಲ ಸಂಖ್ಯೆಗಳಿಗೂ 10 ಕೂಡಿಸಿ: ಸರಾಸರಿ 10 ಹೆಚ್ಚಬೇಕು, ಮಾನಕ ವಿಚಲನೆ ಅಲುಗಬಾರದು. ಎಲ್ಲವನ್ನೂ 2ರಿಂದ ಗುಣಿಸಿ: ಎರಡೂ ಇಮ್ಮಡಿಯಾಗಬೇಕು. ನಿಮ್ಮ ನಿಜವಾದ ಮಾಹಿತಿಯ ಮೇಲೂ ಇವನ್ನು ಓಡಿಸಬಹುದು.

ದಶಮಾಂಶ ಸ್ಥಾನಗಳನ್ನು ಕಡಿತಗೊಳಿಸುವುದು ಮುದ್ರಿಸುವ ಸಾಲಿನಲ್ಲಿ ಮಾತ್ರ. ನಡುವೆಯೇ ರೌಂಡ್ ಮಾಡಿದ ಸರಾಸರಿಯನ್ನು ಮುಂದಿನ ಲೆಕ್ಕಕ್ಕೆ ಕೊಟ್ಟರೆ ಆ ಕಿರು ತಪ್ಪು ಪ್ರತಿಯೊಂದು ವಿಚಲನೆಯೊಳಗೂ ಸೇರುತ್ತದೆ. ರೌಂಡ್ ಆಜ್ಞೆ 2.5ನ್ನು 3 ಎನ್ನದೆ 2 ಎನ್ನುವುದನ್ನು ಕಂಡು ಗಾಬರಿಯಾಗಬೇಡಿ. ಸರಿಯಾಗಿ ನಡುವೆ ಇರುವ ಸಂಖ್ಯೆಯನ್ನು ಹತ್ತಿರದ ಸಮ ಸಂಖ್ಯೆಗೆ ಒಯ್ಯುವುದು ಅದರ ನಿಯಮ, ಹಾಗಾಗಿ 3.5 ಕೊಟ್ಟರೆ 4 ಬರುತ್ತದೆ.